ಮೂಳೆಯ ಲೆಕ್ಕ



ಬಾನುಲಿಯಲ್ಲಿ ಎಂಜಿನಿಯರಿಂಗ್ ವಿಷಯವನ್ನು ಕುರಿತು ಮಾತನಾಡುವವನಿಗೆ ಒಂದು ಕಷ್ಟವಿದೆ. ಇಲ್ಲಿ ಕಪ್ಪುಹಲಗೆಯಿಲ್ಲ, ಸೀಮೆಸುಣ್ಣವಿಲ್ಲ; ನಮ್ಮದೋ ಚಿತ್ರ ಬರೆಯದೆ ಅರ್ಧ ಮಾತನ್ನೂ ಆಡಲಾರದ ಜಾತಿ. ಆದರೆ ಇಂದಿನ ಪಾಠಕ್ಕೆ ಬೇಕಾದ ಉಪಕರಣ ನಿಮ್ಮೆಲ್ಲರ ಬಳಿಯೂ ಇದೆ. ದಯವಿಟ್ಟು ನಿಮ್ಮ ಬಲತೋಳನ್ನು ಮೊಣಕೈಯಲ್ಲಿ ಬಗ್ಗಿಸಿ, ಮುಂಗೈ ನೆಲಕ್ಕೆ ಸಮಾಂತರವಾಗಿರುವಂತೆ ಹಿಡಿಯಿರಿ. ಅಂಗೈಯ ಮೇಲೆ ೫ ಕಿಲೋ ಅಕ್ಕಿಯ ಚೀಲವೊಂದಿದೆಯೆಂದು ಭಾವಿಸಿ. ಅದು ಬೀಳದಂತೆ ತಡೆದಿರುವುದು ತೋಳಿನ ಮುಂಭಾಗದ ಸ್ನಾಯು. ಆ ಸ್ನಾಯು ಎಷ್ಟು ಬಲದಿಂದ ಎಳೆಯುತ್ತಿರಬೇಕು?

೫ ಕಿಲೋ ಎಂದು ಹೇಳುವವರೇ ಹೆಚ್ಚು. ಆದರೆ ಆ ಸ್ನಾಯುವಿನ ರಜ್ಜು ಮುಂಗೈಯ ಮೂಳೆಗೆ ಅಂಟಿಕೊಂಡಿರುವುದು ಮೊಣಕೈಯ ಕೀಲಿನಿಂದ ಸುಮಾರು ೪ ಸೆಂಟಿಮೀಟರ್ ದೂರದಲ್ಲಿ. ಚೀಲವಿರುವುದು ಸುಮಾರು ೩೫ ಸೆಂಟಿಮೀಟರ್ ದೂರದಲ್ಲಿ. ಬಾವಿಯ ಏತವನ್ನು ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಐದನ್ನು ಮೂವತ್ತೈದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಸುಮಾರು ೪೪ ಕಿಲೋ ಆಗುತ್ತದೆ. ಮುಂಗೈಯ ಸ್ವಂತ ತೂಕವನ್ನೂ ಸೇರಿಸಿಕೊಂಡರೆ ಐವತ್ತರ ಹತ್ತಿರಕ್ಕೆ ಬರುತ್ತದೆ. ಐದು ಕಿಲೋ ಅಕ್ಕಿಯನ್ನು ಎತ್ತಿ ಹಿಡಿಯಲು ದೇಹ ಅರ್ಧ ಕ್ವಿಂಟಲಿನಷ್ಟು ಬಲವನ್ನು ಖರ್ಚು ಮಾಡುತ್ತಿದೆ! ಇಂಥ ಎತ್ತುಗೋಲನ್ನು ನನ್ನ ವಿದ್ಯಾರ್ಥಿಯೊಬ್ಬ ಬರೆದು ತಂದಿದ್ದರೆ ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ಆದರೆ ಸ್ನಾಯು ಎರಡು ಬೆರಳಿನಗಲ ಕುಗ್ಗಿದರೆ ಸಾಕು, ಅಂಗೈ ಒಂದಡಿಗೂ ಮಿಕ್ಕಿ ಮೇಲಕ್ಕೆ ಬರುತ್ತದೆ ಎಂಬುದನ್ನು ಗಮನಿಸಿ. ಬಲದಲ್ಲಿ ಸೋತದ್ದನ್ನು ದೇಹ ವೇಗದಲ್ಲಿ ಗೆದ್ದುಕೊಂಡಿದೆ. ತುತ್ತನ್ನು ಬಾಯಿಗೆ ಒಯ್ಯಬೇಕು, ಕಲ್ಲನ್ನು ಬೀಸಿ ಒಗೆಯಬೇಕು. ಅದಕ್ಕೆ ಬೇಕಾದ ಹಾಗೆ ಈ ಸನ್ನೆಗೋಲು ರೂಪುಗೊಂಡಿದೆ.

ಈ ಬಗೆಯ ಲೆಕ್ಕಕ್ಕೆ ಬಯೋಮೆಕ್ಯಾನಿಕ್ಸ್ ಎಂದು ಹೆಸರು. ಜೀವಬಲವಿಜ್ಞಾನ ಎಂದು ಕನ್ನಡದಲ್ಲಿ ಕರೆಯಬಹುದು. ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಲೇ ಈ ಕಡೆಗೆ ಒಲಿಯಬೇಕೆಂದು ಬಯಸುವ ಹುಡುಗ ಹುಡುಗಿಯರು ಈಚೆಗೆ ನನ್ನಲ್ಲಿಗೆ ಬರುತ್ತಾರೆ. ಅವರ ಹಿಂದೆಯೇ ಅವರ ತಂದೆಯರೂ ಬರುತ್ತಾರೆ. “ಇದು ಅತ್ತ ಡಾಕ್ಟರಿಕೆಯೂ ಅಲ್ಲ, ಇತ್ತ ಎಂಜಿನಿಯರಿಕೆಯೂ ಅಲ್ಲ, ಮುಂದೆ ಹುಡುಗನ ಗತಿಯೇನು?” ಎಂಬುದು ಅವರ ಪ್ರಶ್ನೆ. ಉದ್ಯೋಗದ ವಿಷಯದಲ್ಲಿ ಭರವಸೆ ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಇವೆರಡೂ ಬೇರೆ ಬೇರೆ ಮನೆಗಳೆಂಬ ಅವರ ಎಣಿಕೆ ಮಾತ್ರ ಸರಿಯಲ್ಲ.

ಮೆಕ್ಯಾನಿಕಲ್ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡುವ ಹೆಸರು ಯಂಗ್ ಎಂಬುದು. ವಸ್ತುವೊಂದು ಎಳೆತಕ್ಕೆ ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬುದರ ಅಳತೆಗೆ ಅವನ ಹೆಸರಿದೆ. ಈ ಥಾಮಸ್ ಯಂಗ್ ಲಂಡನ್ನಿನಲ್ಲಿ ವೃತ್ತಿ ನಡೆಸಿದ ವೈದ್ಯ. ೧೮೦೮ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಮಾಡಿದ ಉಪನ್ಯಾಸದ ವಿಷಯ ಹೃದಯ ಮತ್ತು ರಕ್ತನಾಳಗಳು. ಎರಡನೆಯ ವರ್ಷದಲ್ಲಿ ದ್ರವಗಳ ಪಾಠ ಬಂದಾಗ ಪ್ವಾಸೊಯ್ಲ್ ಎಂಬ ಫ್ರೆಂಚ್ ಹೆಸರು ಎದುರಾಗುತ್ತದೆ. ಅವನೂ ವೈದ್ಯನೇ. ರಕ್ತದ ಹರಿವನ್ನು ಅರಿಯಬೇಕೆಂದು ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದವನು. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಂಬ ಅವನ ನಿಯಮವನ್ನು ಎಣ್ಣೆಯ ಕೊಳವೆ ಹಾಕುವ ಎಂಜಿನಿಯರ್ ಇಂದಿಗೂ ಬಳಸುತ್ತಾನೆ. ಹೃದ್ರೋಗತಜ್ಞನಿಗೆ ರಕ್ತನಾಳದೊಳಗಿನ ಸಣ್ಣ ತಡೆಯೂ ಭಯ ಹುಟ್ಟಿಸುವುದು ಇದರಿಂದಲೇ.

ಇನ್ನೂ ಹಿಂದಕ್ಕೆ ಹೋದರೆ ೧೬೩೮ರಲ್ಲಿ ಗೆಲಿಲಿಯೋ ಪ್ರಾಣಿಯ ಗಾತ್ರ ಬೆಳೆದಂತೆ ಮೂಳೆ ಅದಕ್ಕಿಂತ ಹೆಚ್ಚಾಗಿ ದಪ್ಪವಾಗಬೇಕು ಎಂದು ತೋರಿಸಿದ. ತೂಕ ಘನದ ಲೆಕ್ಕದಲ್ಲಿ ಏರುತ್ತದೆ, ಮೂಳೆಯ ಬಲ ವರ್ಗದ ಲೆಕ್ಕದಲ್ಲಿ ಮಾತ್ರ. ನಮ್ಮ ಕತೆಗಳ ರಾಕ್ಷಸರು ಮನುಷ್ಯರ ಅಂದದಲ್ಲೇ ಹತ್ತಾಳೆತ್ತರ ಬೆಳೆದಿದ್ದರೆ ಮೊದಲ ಹೆಜ್ಜೆಗೇ ಕಾಲು ಮುರಿದುಕೊಳ್ಳುತ್ತಿದ್ದರು. ನಾನು ಈಗ ನಿಮ್ಮ ತೋಳಿನಲ್ಲಿ ಮಾಡಿಸಿದ ಲೆಕ್ಕವನ್ನು ಮೊದಲು ವಿಸ್ತಾರವಾಗಿ ಮಾಡಿದವನು ಇಟಲಿಯ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥ ೧೬೮೦ರಲ್ಲಿ, ಅವನು ತೀರಿಕೊಂಡ ಮರುವರ್ಷ, ಅಚ್ಚಾಗತೊಡಗಿತು.

ಆದರೆ ನನಗೆ ಪ್ರಿಯವಾದದ್ದು ೧೮೬೬ರ ಒಂದು ಪ್ರಸಂಗ. ಜ್ಯೂರಿಕ್ ನಗರದ ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ತೊಡೆಯ ಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿ, ಒಳಗಿನ ಸಣ್ಣ ಎಲುಬಿನ ಎಳೆಗಳು ಕಮಾನಿನಂತೆ ಬಾಗಿ ಹೋಗಿರುವುದನ್ನು ಸಭೆಯೊಂದರಲ್ಲಿ ತೋರಿಸುತ್ತಿದ್ದ. ಅಲ್ಲಿದ್ದ ಕಾರ್ಲ್ ಕುಲ್ಮನ್ ಸೇತುವೆ, ಕಟ್ಟಡಗಳ ಲೆಕ್ಕ ಕಲಿಸುವ ಪ್ರಾಧ್ಯಾಪಕ. ಭಾರ ಎತ್ತುವ ಬಾಗಿದ ಕ್ರೇನಿನೊಳಗೆ ಬಲ ಹರಿಯುವ ದಾರಿಯನ್ನು ತಾನು ಕಾಗದದ ಮೇಲೆ ಎಳೆಯುತ್ತಿದ್ದ ಗೆರೆಗಳೇ ಮೂಳೆಯೊಳಗೂ ಇರುವುದನ್ನು ಅವನು ಕಂಡ. ಈ ಹೋಲಿಕೆ ಅವರು ಎಣಿಸಿದಷ್ಟು ಕರಾರುವಾಕ್ಕಲ್ಲವೆಂದು ಆಮೇಲಿನವರು ತಿದ್ದಿದ್ದಾರೆ. ಆದರೂ ಮೂಳೆ ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆಂಬ ವಿಚಾರ ಇಲ್ಲಿಂದಲೇ ಬೆಳೆಯಿತು; ಜರ್ಮನಿಯ ಯೂಲಿಯಸ್ ವುಲ್ಫ್ ೧೮೯೨ರಲ್ಲಿ ಅದನ್ನು ನಿಯಮವೆಂದು ಸಾರಿದ. ಟೆನಿಸ್ ಆಟಗಾರರ ಆಡುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ತೂಕವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರ ಸೊಂಟದ ಮೂಳೆ ಸವೆದಿರುತ್ತದೆ.

ಉಕ್ಕನ್ನು ನಂಬಿ ಬೆಳೆದ ಎಂಜಿನಿಯರ್ ತಬ್ಬಿಬ್ಬಾಗುವುದು ಇಲ್ಲಿಯೇ. ನಮ್ಮ ವಿದ್ಯೆಯಲ್ಲಿ ಒಂದು ತೊಲೆಯನ್ನು ಕೂರಿಸಿದರೆ ಅದು ತೊಲೆಯಾಗಿಯೇ ಇರುತ್ತದೆ. ದೇಹದೊಳಗೆ ಹಾಗಲ್ಲ. ಉಕ್ಕು ಮೂಳೆಗಿಂತ ಹತ್ತು ಪಟ್ಟು ಬಿಗುವಾದದ್ದು. ಟೈಟೇನಿಯಂ ಸಹ ಐದಾರು ಪಟ್ಟು. ತೊಡೆಯ ಮೂಳೆಯೊಳಗೆ ಗಟ್ಟಿಯಾದ ಲೋಹದ ಕಂಬವನ್ನು ಇಳಿಸಿದರೆ ಭಾರವನ್ನೆಲ್ಲ ಅದೇ ಹೊತ್ತುಕೊಳ್ಳುತ್ತದೆ. ಕೆಲಸ ಕಳೆದುಕೊಂಡ ಮೂಳೆ ಸುತ್ತಲೂ ಸೊರಗುತ್ತದೆ. ಕಡೆಗೆ ಕಂಬವೇ ಸಡಿಲವಾಗುತ್ತದೆ. ಹೆಚ್ಚು ಗಟ್ಟಿಯಾದದ್ದು ಹೆಚ್ಚು ಒಳ್ಳೆಯದಲ್ಲ ಎಂಬ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಒಪ್ಪಿಸಲು ಪ್ರತಿ ವರ್ಷವೂ ಒಂದು ವಾರ ಹಿಡಿಯುತ್ತಿತ್ತು.

ಹಾಗೆಂದು, ಜೀವದ ವಿಷಯ ಓದುವವನಿಗೆ ಯಂತ್ರದ ಕಷ್ಟದ ಪಾಠಗಳಿಂದ ರಿಯಾಯಿತಿ ಸಿಗುತ್ತದೆಂದು ಯಾರೂ ಭ್ರಮಿಸಬಾರದು. ಮೊದಲೆರಡು ವರ್ಷ ಎಲ್ಲರ ಹಾಗೆಯೇ ಬಲಗಳ ಸಮತೋಲ, ಚಲನೆ, ವಸ್ತುಗಳ ಸಾಮರ್ಥ್ಯ, ದ್ರವ, ಉಷ್ಣ, ಯಂತ್ರಭಾಗಗಳ ರಚನೆ, ಲೇತಿನ ಮುಂದೆ ನಿಂತು ಕಬ್ಬಿಣ ಕೊರೆಯುವುದು, ಎಲ್ಲವೂ ಇವೆ. ಆಮೇಲೆ ಅಂಗರಚನೆ, ನಡಿಗೆಯ ವಿಶ್ಲೇಷಣೆ, ಅಂಗಾಂಶಗಳ ಗುಣ, ದೇಹ ಸಹಿಸುವ ವಸ್ತುಗಳು ಬರುತ್ತವೆ. ಮೊದಲಿನದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹಾರಿದವರನ್ನು ಕಂಡಿದ್ದೇನೆ. ಅವರಿಗೆ ಮೂಳೆಯ ಲ್ಯಾಟಿನ್ ಹೆಸರುಗಳು ಗೊತ್ತಿರುತ್ತವೆ, ಬೆಸುಗೆ ಏಕೆ ಬಿರುಕು ಬಿಡುತ್ತದೆಂಬುದು ಗೊತ್ತಿರುವುದಿಲ್ಲ.

ಬೆಸುಗೆಯ ಮಾತನ್ನು ಸುಮ್ಮನೆ ಎತ್ತಲಿಲ್ಲ. ನಿಮಿಷಕ್ಕೆ ಎಪ್ಪತ್ತರಂತೆ ಬಡಿಯುವ ಹೃದಯದ ಕವಾಟ ದಿನಕ್ಕೆ ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಅನುಭವ ಎಲ್ಲರಿಗೂ ಉಂಟು. ಲೋಹಕ್ಕೂ ದಣಿವಿದೆ, ಅದು ದಣಿಯುವುದು ಮೊದಲು ಬೆಸೆದ ಜಾಗದಲ್ಲಿ. ೧೯೭೯ರಿಂದ ೧೯೮೬ರ ವರೆಗೆ ಪಶ್ಚಿಮ ದೇಶಗಳಲ್ಲಿ ಮಾರಾಟವಾದ ಬ್ಯೋರ್ಕ್-ಶೈಲಿ ಮಾದರಿಯ ಒಂದು ಕೃತಕ ಕವಾಟದಲ್ಲಿ, ಬಿಲ್ಲೆಯನ್ನು ಹಿಡಿದಿದ್ದ ಸಣ್ಣ ಕಂಬಿ ಬೆಸುಗೆಯ ಬಳಿ ಮುರಿಯತೊಡಗಿತು. ಅಷ್ಟರಲ್ಲಿ ಸುಮಾರು ೮೬,೦೦೦ ಮಂದಿಯ ಎದೆಯಲ್ಲಿ ಅದು ಕುಳಿತಿತ್ತು. ಆರು ನೂರಕ್ಕೂ ಹೆಚ್ಚು ಕವಾಟಗಳು ಮುರಿದವು. ಮುರಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಉಳಿದ ಸಾವಿರಾರು ಜನ ತಮ್ಮ ಎದೆಯ ಸದ್ದನ್ನು ಆಲಿಸುತ್ತ ಬದುಕಬೇಕಾಯಿತು.

ಸರಿಸುಮಾರು ಅದೇ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ, ಹಳೆಯ ಅರಮನೆಯೊಂದನ್ನು ಪ್ರಯೋಗಾಲಯ ಮಾಡಿಕೊಂಡು, ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಅವರ ತಂಡ ಭಾರತದ ಕವಾಟವೊಂದನ್ನು ಮಾಡಲು ಹೊರಟಿತ್ತು. ಸಂಧಿವಾತದ ಜ್ವರದಿಂದ ಕವಾಟ ಕೆಟ್ಟ ಎಳೆಯ ವಯಸ್ಸಿನವರು ನಮ್ಮಲ್ಲಿ ಬಹಳ. ಹೊರದೇಶದ ಕವಾಟದ ಬೆಲೆ ಅವರಿಗೆ ನಿಲುಕುವಂಥದಲ್ಲ. ತಂಡದ ಮೊದಲ ಮಾದರಿಯಲ್ಲಿ ಬೆಸೆದ ಕಂಬಿ ಮುರಿಯಿತು. ಹೃದಯದಲ್ಲಲ್ಲ, ವರ್ಷಗಳ ಬಡಿತವನ್ನು ತಿಂಗಳುಗಳಲ್ಲಿ ಬಡಿಯುವ ಪರೀಕ್ಷಾ ಯಂತ್ರದಲ್ಲಿ. ಎರಡನೆಯದರಲ್ಲಿ ಕೃತಕ ನೀಲಮಣಿಯ ಬಿಲ್ಲೆ ಹಾಕಿದರು. ಅದು ಟೈಟೇನಿಯಂ ಚೌಕಟ್ಟನ್ನು ಸವೆಸಿತು. ಮೂರನೆಯದರಲ್ಲಿ ಚೌಕಟ್ಟಿನ ಲೋಹ ಬದಲಾಯಿತು. ಕುರಿಯೊಂದಕ್ಕೆ ಕೂರಿಸಿದ ಮೂರು ತಿಂಗಳಿಗೆ ನೀಲಮಣಿಯೇ ಸೀಳಿತು. ಅಲ್ಲಿಗೆ ಹತ್ತು ವರ್ಷಗಳು ಕಳೆಯುತ್ತ ಬಂದಿದ್ದವು. ನಾಲ್ಕನೆಯ ಬಾರಿ ಅವರು ಗಟ್ಟಿತನದ ವ್ಯಾಮೋಹವನ್ನು ಬಿಟ್ಟು, ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಆರಿಸಿಕೊಂಡರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ೧೯೬೨ರಲ್ಲಿ ಸೊಂಟದ ಕೃತಕ ಕೀಲಿಗೆ ಬಳಸಿದ್ದ ವಸ್ತುವಿನ ಕುಲವೇ ಅದು. ೧೯೯೦ರ ಡಿಸೆಂಬರಿನಲ್ಲಿ ಆ ಕವಾಟ ಮೊದಲ ಬಾರಿಗೆ ಮನುಷ್ಯನೊಬ್ಬನ ಹೃದಯವನ್ನು ಸೇರಿತು. ಅನಂತರ ಅದನ್ನು ಪಡೆದವರ ಸಂಖ್ಯೆ ಲಕ್ಷವನ್ನು ಮೀರಿದೆ. ವಲಿಯತ್ತಾನ್ ಅವರು ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದು, ೨೦೨೪ರಲ್ಲಿ ಅಲ್ಲಿಯೇ ತೀರಿಕೊಂಡರು.

ಈ ಎರಡು ಬೆಸುಗೆಗಳ ಕತೆಯನ್ನು ನಾನು ತರಗತಿಯಲ್ಲಿ ಒಟ್ಟಿಗೇ ಹೇಳುತ್ತಿದ್ದೆ. ಪ್ರಯೋಗಾಲಯದಲ್ಲಿ ಸೋಲುವ ಮರ್ಯಾದೆ ಎಲ್ಲ ವಿದ್ಯೆಗಳಿಗೂ ಸಿಗುವುದಿಲ್ಲ. ಇದಕ್ಕೆ ಸಿಗುತ್ತದೆ, ಅದನ್ನು ಬಳಸಿಕೊಳ್ಳಿ ಎನ್ನುತ್ತಿದ್ದೆ. ಹೀಗೆ ಉಪದೇಶ ಮಾಡಿದವನು ಸ್ವತಃ ಸೋತದ್ದು ಮಾತ್ರ ಪ್ರಯೋಗಾಲಯದಲ್ಲಲ್ಲ.

ಕಡೆಯ ವರ್ಷದ ವಿದ್ಯಾರ್ಥಿಯೊಬ್ಬ ಕೃತಕ ಮಂಡಿಯೊಂದನ್ನು ಮಾಡಲು ಬಯಸಿದ. ಮಂಡ್ಯದ ಕಡೆಯ ಹುಡುಗ. ಅವನ ಸೋದರಮಾವನಿಗೆ ರಸ್ತೆ ಅಪಘಾತದಲ್ಲಿ ಮಂಡಿಯ ಮೇಲಕ್ಕೆ ಕಾಲು ಹೋಗಿತ್ತು. ನಾಲ್ಕು ತುಂಡುಗಳು, ನಾಲ್ಕು ಕೀಲುಗಳ ಸರಪಣಿ ಅವನ ಮಂಡಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ತುಳಿಮಣೆ, ಕಡ್ಡಿ, ಚಕ್ರ, ಚೌಕಟ್ಟು ಸೇರಿ ಆಗುವುದೂ ಇದೇ ಸರಪಣಿ. ಇದರ ಗುಣವೆಂದರೆ ಬಗ್ಗುವ ಕೇಂದ್ರ ಒಂದೇ ಕಡೆ ನಿಲ್ಲದೆ ಜರುಗುತ್ತ ಹೋಗುವುದು. ನಿಂತಾಗ ಮಂಡಿ ಕುಸಿಯದು, ಹೆಜ್ಜೆ ಎತ್ತಿದಾಗ ಸಲೀಸಾಗಿ ಮಡಚುತ್ತದೆ. ಹುಡುಗ ಶ್ರದ್ಧೆಯಿಂದ ಮಾಡಿದ. ನಡೆಯುವಾಗ ಮಂಡಿ ಬಗ್ಗಬೇಕಾದದ್ದು ಸುಮಾರು ೬೦ ಡಿಗ್ರಿ. ಕುರ್ಚಿಯಲ್ಲಿ ಕೂರಲು ೯೦. ನಾವು ಇನ್ನಷ್ಟು ಉದಾರವಾಗಿ ೧೦೦ ಕೊಟ್ಟೆವು. ಕೃತಕಾಂಗ ಮಾಡುವವರು ಅದನ್ನು ಮಾವನ ತೊಡೆಯ ಬಟ್ಟಲಿಗೆ ಜೋಡಿಸಿಕೊಟ್ಟರು. ಅವರು ಕಾಲೇಜಿನ ಮೊಗಸಾಲೆಯಲ್ಲಿ ಕೋಲಿಲ್ಲದೆ ನಡೆದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಅವನಿಗೆ ನೂರಕ್ಕೆ ತೊಂಬತ್ತಾರು ಅಂಕ ಕೊಟ್ಟೆ.

ಆರು ತಿಂಗಳ ಮೇಲೆ ಹುಡುಗ ಬಂದು, “ಸಾರ್, ಮಾವ ಕಾಲನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ” ಎಂದ. ನನಗೆ ಮುರಿದಿರಬೇಕೆನಿಸಿತು. ಅಳತೆಪಟ್ಟಿ, ತಿರುಪುಳಿಗಳನ್ನು ಕಟ್ಟಿಕೊಂಡು ಅವನ ಜೊತೆ ಊರಿಗೆ ಹೋದೆ. ಮಂಡಿ ಮುರಿದಿರಲಿಲ್ಲ, ಸವೆದಿರಲೂ ಇಲ್ಲ. ಮಾವ ನನ್ನನ್ನು ಆ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ತಾವು ನೆಲದ ಮೇಲೆ, ಮರದ ಕಂಬಕ್ಕೆ ಒರಗಿ ಕುಳಿತರು. “ನಡೆಯೋಕೇನೋ ಚೆನ್ನಾಗದೆ ಮೇಷ್ಟ್ರೇ. ಆದ್ರೆ ನಾನು ದಿನಕ್ಕೆ ನಡೆಯೋದು ಎಷ್ಟೊತ್ತು?” ಎಂದರು.

ಉಣ್ಣುವುದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ. ಬೀಡಿಯ ಎಲೆ ಕತ್ತರಿಸುವುದು ನೆಲದ ಮೇಲೆ. ಬೆಳಗಿನ ಬಹಿರ್ದೆಸೆ ಕುಕ್ಕರುಗಾಲಲ್ಲಿ. ಹಸುವಿನ ಕೆಚ್ಚಲ ಬಳಿ ಕೂರುವುದೂ ಹಾಗೆಯೇ. ಇವಕ್ಕೆ ೧೩೦, ೧೫೦ ಡಿಗ್ರಿ ಮಡಿಕೆ ಬೇಕು. ಚಕ್ಕಳಮಕ್ಕಳಕ್ಕೆ ಕಾಲು ಮಡಚಿದರಷ್ಟೇ ಸಾಲದು, ಪಕ್ಕಕ್ಕೆ ತಿರುಗಲೂ ಬೇಕು. ಒಂದೂವರೆ ವರ್ಷದ ಕೆಲಸದಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹುಡುಗ ಅದೇ ಮನೆಯಲ್ಲಿ ನೆಲದ ಮೇಲೆ ಉಂಡು ಬೆಳೆದವನು. ನಮ್ಮ ಪುಸ್ತಕಗಳಲ್ಲಿ ಮನುಷ್ಯ ನಡೆಯುತ್ತಿದ್ದ, ಮೆಟ್ಟಿಲು ಹತ್ತುತ್ತಿದ್ದ, ಕುರ್ಚಿಯಿಂದ ಏಳುತ್ತಿದ್ದ. ಅವನು ನೆಲಕ್ಕೆ ಕುಳಿತ ಚಿತ್ರ ಇರಲಿಲ್ಲ. ಆ ತೊಂಬತ್ತಾರು ಅಂಕಗಳನ್ನು ಹಿಂದಕ್ಕೆ ಪಡೆಯಬೇಕಾದದ್ದು ಹುಡುಗನಿಂದಲ್ಲ, ನನ್ನಿಂದ.

ಇದನ್ನು ನಮಗಿಂತ ಬಹಳ ಹಿಂದೆಯೇ ಕಂಡವರು ಇದ್ದರು ಎಂಬುದು ನಾಚಿಕೆಯನ್ನು ಇನ್ನಷ್ಟು ಹೆಚ್ಚಿಸಿತು. ೧೯೬೦ರ ದಶಕದ ಕೊನೆಯಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆವೈದ್ಯ ಪಿ. ಕೆ. ಸೇಠಿಯವರೂ ಶಿಲ್ಪಿ ರಾಮಚಂದ್ರ ಶರ್ಮರೂ ಸೇರಿ ಮಾಡಿದ ಪಾದ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಆಗ ದೊರೆಯುತ್ತಿದ್ದ ಪಶ್ಚಿಮದ ಪಾದಕ್ಕೆ ಹಿಮ್ಮಡಿಯಲ್ಲಿ ಮೆತ್ತೆಯಿತ್ತು, ಒಳಗೆ ಬಗ್ಗದ ಮರವಿತ್ತು, ಮೇಲೆ ಬೂಟು ಬೇಕಿತ್ತು. ಬೂಟು ಹಾಕಿ ಕೆಸರುಗದ್ದೆಗೆ ಇಳಿಯುವುದು ಹೇಗೆ, ಗುಡಿಯೊಳಗೆ ಹೋಗುವುದು ಹೇಗೆ? ವಲ್ಕನೈಸ್ ಮಾಡಿದ ರಬ್ಬರಿನ ಹೊದಿಕೆಯ ಜಯಪುರದ ಪಾದ ಬರಿಗಾಲಿನಂತೆ ಕಾಣುತ್ತಿತ್ತು, ನೀರಿಗೆ ಹೆದರುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂರಲು ಬಗ್ಗುತ್ತಿತ್ತು. ರಾಮಚಂದ್ರ ಶರ್ಮರು ಎಂಜಿನಿಯರಿಂಗ್ ಓದಿದವರಲ್ಲ. ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಅಷ್ಟು ದೂರ ಹೋಗಲಿಲ್ಲ. ಕೈಕೆಲಸದವರ ವಿಷಯದಲ್ಲಿ ನಮ್ಮ ದೇಶ ಹೀಗೆಯೇ.

ವಿಶ್ವವಿದ್ಯಾಲಯಗಳು ನಿಧಾನವಾಗಿಯಾದರೂ ಈ ದಾರಿಗೆ ಬಂದಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ತರಗತಿಯೊಂದರ ವಿದ್ಯಾರ್ಥಿಗಳು ಜಯಪುರದ ಸಂಸ್ಥೆಗಾಗಿ ನೈಲಾನಿನ ಅಗ್ಗದ ಮಂಡಿಯೊಂದನ್ನು ರೂಪಿಸಿದರು. ನಾನು ಹೇಳಿದ ನಾಲ್ಕು ಕೀಲಿನ ಸರಪಣಿಯೇ ಅದರಲ್ಲಿಯೂ ಇತ್ತು. ೨೦೦೯ರಲ್ಲಿ ಟೈಮ್ ಪತ್ರಿಕೆ ಅದನ್ನು ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಮದರಾಸಿನ ಐಐಟಿಯ ಮೆಕ್ಯಾನಿಕಲ್ ವಿಭಾಗದ ಸುಜಾತಾ ಶ್ರೀನಿವಾಸನ್ ಅವರ ತಂಡ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯೊಡನೆ ಸೇರಿ ರೂಪಿಸಿದ ‘ಕದಂ’ ಎಂಬ ಮಂಡಿ ೨೦೨೨ರಲ್ಲಿ ಹೊರಬಂತು. ಇಕ್ಕಟ್ಟಾದ ಬಸ್ಸಿನಲ್ಲಿ, ಆಟೋದಲ್ಲಿ ಕಾಲು ಮಡಚಿ ಕೂರಲು ಸಾಧ್ಯವಾಗಬೇಕೆಂಬುದು ಅದರ ಲೆಕ್ಕದೊಳಗೇ ಇತ್ತು. ಇಂಥ ಮಂಡಿಗಳನ್ನು ಯಂತ್ರದಲ್ಲಿ ಮೂವತ್ತು ಲಕ್ಷ ಸಲ ಒತ್ತಿ ಪರೀಕ್ಷಿಸುವುದು ಅಂತರರಾಷ್ಟ್ರೀಯ ಕ್ರಮ. ಆ ಮೂವತ್ತು ಲಕ್ಷದ ನಂತರದ ಪರೀಕ್ಷೆ ಬಸ್ಸಿನಲ್ಲಿಯೇ.

ನಮ್ಮ ಹುಡುಗ ಓದು ಮುಗಿಸಿದ್ದರೂ ಕೆಲಸವನ್ನು ಬಿಡಲಿಲ್ಲ. ನಾವಿಬ್ಬರೂ ಆ ಮನೆಯ ಹೊಸಿಲಿನ ಎತ್ತರ, ಜಗಲಿಯ ಎತ್ತರ, ಮಣೆಯಿಂದ ಎಲೆಗೆ ಇರುವ ದೂರ ಎಲ್ಲವನ್ನೂ ಅಳೆದು ಬರೆದುಕೊಂಡೆವು. ಅತ್ತೆಯವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸರಪಣಿಯ ಎರಡು ತುಂಡುಗಳ ಉದ್ದವನ್ನು ಬದಲಾಯಿಸಿದ್ದಕ್ಕೆ ಮಡಿಕೆ ಹೆಚ್ಚಿತು. ಆದರೆ ನಿಲುವಿನ ಭದ್ರತೆ ಕಡಿಮೆಯಾಗಿ, ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕಾಯಿತು. ಮಂಡಿಗೂ ತೊಡೆಯ ಬಟ್ಟಲಿಗೂ ನಡುವೆ, ಗುಂಡಿ ಒತ್ತಿದರೆ ಕಾಲು ಪಕ್ಕಕ್ಕೆ ತಿರುಗುವ ಒಂದು ತಿರುಗಣೆಯನ್ನು ಸೇರಿಸಿದೆವು. ಎಲ್ಲ ಸೇರಿ ಹದಿನಾಲ್ಕು ತಿಂಗಳು ಹಿಡಿಯಿತು.

ಅದನ್ನು ಒಯ್ದುಕೊಟ್ಟ ದಿನ ಆ ಮನೆಯಲ್ಲಿ ಊಟಕ್ಕೆ ನಿಲ್ಲಿಸಿಕೊಂಡರು. ಮಾವ ಗುಂಡಿ ಒತ್ತಿ, ಕಾಲನ್ನು ಕೈಯಿಂದ ತಿರುಗಿಸಿ ಮಡಚಿಕೊಂಡು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಪಕ್ಕದ ಮಣೆಯನ್ನು ತಟ್ಟಿ, “ಬನ್ನಿ ಮೇಷ್ಟ್ರೇ, ಕೂತ್ಕಳಿ” ಎಂದರು. ಅರವತ್ತು ದಾಟಿದ ನನ್ನ ಮಂಡಿಗಳು ಅಷ್ಟು ಬಗ್ಗುವ ಕಾಲ ಆಗಲೇ ಮುಗಿದಿತ್ತು. ನನಗೆ ಒಳಗಿನಿಂದ ಆ ಒಂದೇ ಕುರ್ಚಿಯನ್ನು ತರಿಸಬೇಕಾಯಿತು.